ಚಪ್ಪಟೆ ಪೆಡಲ್ ಶೂ

ಚಪ್ಪಟೆ ಪೆಡಲ್ ಶೂ ಅಥವಾ ಫ್ಲ್ಯಾಟ್ ಪೆಡಲ್ ಶೂ ಎಂಬುದು ಬೆಟ್ಟ, ಕಾಡು ಹಾಗೂ ಕಚ್ಚಾ ದಾರಿಗಳಲ್ಲಿ ಮೌಂಟನ್ ಬೈಕ್ ಓಡಿಸುವವರು ಧರಿಸುವ ಒಂದು ಬಗೆಯ ಪಾದರಕ್ಷೆ. ಇದರ ಅಟ್ಟೆಯು ಸಮತಟ್ಟಾಗಿದ್ದು, ಮೃದುವಾದ ರಬ್ಬರಿನಿಂದ ತಯಾರಾಗಿರುತ್ತದೆ. ಶೂವನ್ನು ಪೆಡಲಿಗೆ ಬಂಧಿಸುವ ಯಾವ ಕೊಂಡಿಯೂ ಇದರಲ್ಲಿಲ್ಲ. ಪೆಡಲಿನ ಮೇಲಿನ ಸಣ್ಣ ಮೊಳೆಗಳು ರಬ್ಬರಿಗೆ ಕಚ್ಚಿಕೊಳ್ಳುವುದರಿಂದ ಮಾತ್ರ ಪಾದವು ತನ್ನ ಸ್ಥಾನದಲ್ಲಿ ನಿಲ್ಲುತ್ತದೆ. ಈ ಕಾರ್ಯಕ್ಕೆಂದೇ ತಯಾರಾದ ಹೆಸರಾಂತ ಕಂಪನಿಗಳ ಶೂಗಳಿಗೆ ಹಲವು ಸಾವಿರ ರೂಪಾಯಿ ಬೆಲೆಯಿರುವುದರಿಂದ, ಕಡಿಮೆ ವೆಚ್ಚದಲ್ಲಿ ಅವುಗಳಿಗೆ ಸಮೀಪವಾದ ಪಾದರಕ್ಷೆಯನ್ನು ಆರಿಸಿಕೊಳ್ಳುವುದು ವಿದ್ಯಾರ್ಥಿಗಳಿಗೂ ಹೊಸ ಸವಾರರಿಗೂ ಮುಖ್ಯವಾದ ವಿಷಯವಾಗಿದೆ. ಇಂತಹ ಆಯ್ಕೆಯಲ್ಲಿ ಶೂವಿನ ಹೆಸರಿಗಿಂತ ಅದರ ಅಟ್ಟೆಯ ಗುಣವೇ ನಿರ್ಣಾಯಕ.

ಪೆಡಲುಗಳ ಬಗೆ

ಸೈಕಲ್ಲಿನ ಪೆಡಲುಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಶೂವಿನ ತಳಕ್ಕೆ ಜೋಡಿಸಿದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಕೊಂಡಿಯನ್ನು ಹಿಡಿದುಕೊಳ್ಳುವ ಪೆಡಲು. ಇದನ್ನು 'ಕ್ಲಿಪ್‌ಲೆಸ್' ಎಂದು ಕರೆಯುವುದು ಹೊಸಬರಿಗೆ ಗೊಂದಲವನ್ನು ಉಂಟುಮಾಡುತ್ತದೆ. ಹಿಂದೆ ಪಾದದ ಮುಂಭಾಗವನ್ನು ಪಂಜರದಂತಹ ಕ್ಲಿಪ್ಪು ಮತ್ತು ಪಟ್ಟಿಯಿಂದ ಪೆಡಲಿಗೆ ಬಿಗಿಯುತ್ತಿದ್ದರು. ಆ ಕ್ಲಿಪ್ಪು ಇಲ್ಲದ ಹೊಸ ವ್ಯವಸ್ಥೆ ಬಂದಾಗ ಅದಕ್ಕೆ ಈ ಹೆಸರು ನಿಂತಿತು. ಜಪಾನಿನ ಶಿಮಾನೊ ಕಂಪನಿಯು 1990ರಲ್ಲಿ ಮೌಂಟನ್ ಬೈಕುಗಳಿಗಾಗಿ ಎಸ್‌ಪಿಡಿ ಎಂಬ ವ್ಯವಸ್ಥೆಯನ್ನು ಹೊರತಂದ ಬಳಿಕ ಸ್ಪರ್ಧಾಳುಗಳಲ್ಲಿ ಇದು ವ್ಯಾಪಕವಾಯಿತು.

ಎರಡನೆಯದು ಚಪ್ಪಟೆ ಪೆಡಲು. ಇದರಲ್ಲಿ ಪಾದವನ್ನು ಯಾವ ಕ್ಷಣದಲ್ಲಾದರೂ ಎತ್ತಿ ನೆಲಕ್ಕೆ ಊರಬಹುದು. ಮೌಂಟನ್ ಬೈಕಿಗೆ ಬಳಸುವ ಚಪ್ಪಟೆ ಪೆಡಲಿನ ಪೀಠವು ಸಾಮಾನ್ಯವಾಗಿ ಸುಮಾರು 10 ಸೆಂ.ಮೀ. ಉದ್ದಗಲವಿದ್ದು, ಎರಡೂ ಮುಖಗಳಲ್ಲಿ ಮೊಳೆಗಳನ್ನು ಹೊಂದಿರುತ್ತದೆ. ಸಾಧಾರಣ ಸೈಕಲ್ಲಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಪೆಡಲು ಇದಕ್ಕಿಂತ ಕಿರಿದು, ಅದರಲ್ಲಿ ಮೊಳೆಗಳಿರುವುದಿಲ್ಲ.

ಚಪ್ಪಟೆ ಪೆಡಲು ಕಲಿಯುವವರಿಗೆ ಮಾತ್ರ ಸೀಮಿತವೆಂಬ ಅಭಿಪ್ರಾಯವಿದೆ. ಅದು ಸರಿಯಲ್ಲ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಅವರು ಚಪ್ಪಟೆ ಪೆಡಲನ್ನೇ ಬಳಸಿ 2006, 2007 ಮತ್ತು 2010ರಲ್ಲಿ ಇಳಿಜಾರು ಓಟದ ವಿಶ್ವ ಚಾಂಪಿಯನ್ ಆದರು. 2017ರಿಂದ 2019ರವರೆಗೆ ಸತತ ಮೂರು ವರ್ಷ ಎಂಡ್ಯೂರೊ ವಿಶ್ವ ಸರಣಿಯನ್ನೂ ಅವರು ಗೆದ್ದರು.

ಚರಿತ್ರೆ

ಮೌಂಟನ್ ಬೈಕ್ ಕ್ರೀಡೆಯು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ರೂಪುಗೊಂಡಿತು. ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದ ಯುವಕರು 1976ರಲ್ಲಿ 'ರಿಪ್ಯಾಕ್' ಎಂಬ ಓಟವನ್ನು ಆರಂಭಿಸಿದರು. ಆ ದಿನಗಳಲ್ಲಿ ಇದಕ್ಕೆಂದೇ ತಯಾರಾದ ಶೂ ಇರಲಿಲ್ಲ. ನಡೆಯಲು ಬಳಸುವ ಬೂಟುಗಳನ್ನೇ ಸವಾರರು ಧರಿಸುತ್ತಿದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು.

ಚಪ್ಪಟೆ ಪೆಡಲ್ ಶೂವಿನ ಮೂಲವನ್ನು ಬೇರೆ ಎರಡು ಕ್ರೀಡೆಗಳಲ್ಲಿ ಹುಡುಕಬೇಕಾಗುತ್ತದೆ. ಒಂದು ಸ್ಕೇಟ್‌ಬೋರ್ಡಿಂಗ್. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ವ್ಯಾನ್ಸ್ ಕಂಪನಿಯ ಕ್ಯಾನ್ವಾಸ್ ಶೂಗಳ ಸಮತಟ್ಟಾದ ರಬ್ಬರ್ ಅಟ್ಟೆಯು ಹಲಗೆಯ ಮೇಲೆ ಚೆನ್ನಾಗಿ ಹಿಡಿಯುತ್ತಿದ್ದುದರಿಂದ ಸ್ಕೇಟ್ ಆಟಗಾರರ ಮೆಚ್ಚುಗೆ ಗಳಿಸಿತು. ಇನ್ನೊಂದು ಬಂಡೆ ಹತ್ತುವ ಕ್ರೀಡೆ. 1985ರಲ್ಲಿ ಚಾರ್ಲ್ಸ್ ಕೋಲ್ ಸ್ಥಾಪಿಸಿದ ಫೈವ್ ಟೆನ್ ಕಂಪನಿಯು ಬಂಡೆ ಹತ್ತುವವರಿಗಾಗಿ 'ಸ್ಟೆಲ್ತ್' ಎಂಬ ಅಂಟುಗುಣದ ರಬ್ಬರನ್ನು ಸಿದ್ಧಪಡಿಸಿ, ಮುಂದೆ ಅದನ್ನೇ ಸೈಕಲ್ ಶೂಗಳಿಗೂ ಬಳಸಿತು. 2011ರಲ್ಲಿ ಈ ಕಂಪನಿಯನ್ನು ಅಡಿಡಾಸ್ ಕೊಂಡುಕೊಂಡಿತು. ಸ್ಕೇಟ್ ಶೂವಿನ ಸಮತಟ್ಟು ಹಾಗೂ ಬಂಡೆ ಶೂವಿನ ರಬ್ಬರು ಒಂದುಗೂಡಿದುದೇ ಇಂದಿನ ಚಪ್ಪಟೆ ಪೆಡಲ್ ಶೂ. ಅಗ್ಗದ ಪರ್ಯಾಯವನ್ನು ಹುಡುಕುವವರು ಈ ಎರಡು ಗುಣಗಳನ್ನೇ ಹುಡುಕಬೇಕು.

ಹಿಡಿತದ ವಿಧಾನ

ಸವಾರರು ಸೀಟಿನ ಮೇಲೆ ಕುಳಿತಾಗ ದೇಹದ ಭಾರವು ಸೀಟು, ಹ್ಯಾಂಡಲ್ ಮತ್ತು ಪೆಡಲುಗಳ ನಡುವೆ ಹಂಚಿಹೋಗುತ್ತದೆ. ಒರಟಾದ ಇಳಿಜಾರಿನಲ್ಲಿ ಅವರು ಎದ್ದು ನಿಂತು ಸಾಗುವುದರಿಂದ ಭಾರದ ಬಹುಪಾಲು ಎರಡು ಪಾದಗಳ ಮೇಲೆಯೇ ಬೀಳುತ್ತದೆ. ಚಕ್ರವು ಕಲ್ಲಿಗೆ ಬಡಿದಾಗ ಪೆಡಲು ಮೇಲಕ್ಕೆ ನೂಕಲ್ಪಟ್ಟು, ಮರುಕ್ಷಣವೇ ಕೆಳಗಿಳಿಯುತ್ತದೆ. ಆ ಇಳಿಯುವ ಕ್ಷಣದಲ್ಲಿ ಪಾದದ ಒತ್ತಡ ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ. ಪಾದ ಜಾರುವುದು ಹೆಚ್ಚಾಗಿ ಇಂತಹ ಕ್ಷಣದಲ್ಲಿಯೇ.

ಪಾದವನ್ನು ಹಿಡಿದಿಡುವಲ್ಲಿ ಎರಡು ಕ್ರಿಯೆಗಳು ಕೆಲಸ ಮಾಡುತ್ತವೆ. ಮೊದಲನೆಯದು ರಬ್ಬರಿಗೂ ಪೆಡಲಿನ ಮೇಲ್ಮೈಗೂ ನಡುವಿನ ಘರ್ಷಣೆ. ಎರಡನೆಯದು ಮೊಳೆಯ ತುದಿಯು ರಬ್ಬರಿನೊಳಗೆ ತುಸು ಇಳಿದು ಅದನ್ನು ತಡೆದು ನಿಲ್ಲಿಸುವುದು. ಗಟ್ಟಿ ಪ್ಲಾಸ್ಟಿಕ್ಕಿನ ಅಟ್ಟೆಯೊಳಕ್ಕೆ ಮೊಳೆ ಇಳಿಯುವುದಿಲ್ಲ. ಮೃದು ರಬ್ಬರಿನೊಳಕ್ಕೆ ಸುಲಭವಾಗಿ ಇಳಿಯುತ್ತದೆ. ರಬ್ಬರಿನ ಗಡಸುತನವನ್ನು 'ಶೋರ್ ಎ' ಎಂಬ ಮಾನದಲ್ಲಿ ಅಳೆಯುತ್ತಾರೆ. ಈ ಮಾನದಲ್ಲಿ ಅಂಕಿ ಕಡಿಮೆಯಿದ್ದಷ್ಟೂ ರಬ್ಬರು ಮೃದು. ಆದರೆ ಮೃದುವಾದ ರಬ್ಬರು ಬೇಗ ಸವೆಯುತ್ತದೆ. ಹಿಡಿತ ಮತ್ತು ಬಾಳಿಕೆ ಎರಡನ್ನೂ ಪರಮಾವಧಿಯಲ್ಲಿ ಒಂದೇ ಅಟ್ಟೆಯಿಂದ ಪಡೆಯಲಾಗದು.

ಶೂವಿನ ಭಾಗಗಳು ಮತ್ತು ಲಕ್ಷಣಗಳು

ಹೊರ ಅಟ್ಟೆ: ಸಮತಟ್ಟಾಗಿರಬೇಕು. ಅಚ್ಚು ಆಳವಿಲ್ಲದೆ, ಒತ್ತೊತ್ತಾಗಿರಬೇಕು. ಹಲ್ಲುಗಳು ದೊಡ್ಡದಾಗಿ, ವಿರಳವಾಗಿದ್ದರೆ ಪೆಡಲಿನ ಮೊಳೆಗಳು ಅವುಗಳ ನಡುವಿನ ಸಂದಿನಲ್ಲಿ ಕುಳಿತು, ಪಾದವನ್ನು ಬೇಕಾದ ಜಾಗದಲ್ಲಿ ಇರಿಸಲು ಅಡ್ಡಿಯಾಗುತ್ತದೆ. ತುದಿಯಲ್ಲಿ ಮತ್ತು ಹಿಮ್ಮಡಿಯಲ್ಲಿ ಮಾತ್ರ ಸ್ವಲ್ಪ ಆಳವಾದ ಅಚ್ಚು ಇದ್ದರೆ ಸೈಕಲ್ಲನ್ನು ತಳ್ಳಿಕೊಂಡು ಏರು ಹತ್ತುವಾಗ ಅನುಕೂಲ.

ನಡು ಅಟ್ಟೆ: ಹೊರ ಅಟ್ಟೆಗೂ ಪಾದಕ್ಕೂ ನಡುವಿನ ಪದರ. ಇದು ತೀರ ಮೆತ್ತಗಿದ್ದರೆ ಪಾದವು ಪೆಡಲಿನ ಅಂಚಿನ ಸುತ್ತ ಬಾಗಿ, ಕೆಲವು ಕಿಲೋಮೀಟರಿನೊಳಗೆ ಅಂಗಾಲು ನೋಯತೊಡಗುತ್ತದೆ. ಹಲಗೆಯಂತೆ ಬಿಗಿಯಾಗಿದ್ದರೆ ಪಾದಕ್ಕೆ ಪೆಡಲಿನ ಸ್ಪರ್ಶವೇ ತಿಳಿಯದು.

ಮುಂತುದಿ: ಕಲ್ಲು, ಬೇರು ಮತ್ತು ಕೂಳೆಗಳ ಪೆಟ್ಟನ್ನು ತಡೆಯುವಷ್ಟು ಗಟ್ಟಿಯಾಗಿರಬೇಕು.

ಮೇಲ್ಭಾಗ: ಬಲೆಯಂತಹ ಬಟ್ಟೆಯು ಗಾಳಿಯಾಡಲು ಒಳ್ಳೆಯದು, ಆದರೆ ಮುಳ್ಳಿಗೆ ಬೇಗ ಹರಿಯುತ್ತದೆ. ಕೃತಕ ಚರ್ಮವು ಬಾಳಿಕೆ ಬರುತ್ತದೆ, ಆದರೆ ಒದ್ದೆಯಾದರೆ ನಿಧಾನವಾಗಿ ಒಣಗುತ್ತದೆ.

ಲೇಸು: ಸಡಿಲವಾಗಿ ಇಳಿಬಿದ್ದ ಲೇಸು ಬಲಗಡೆಯ ಚೈನಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಲೇಸಿನ ತುದಿಯನ್ನು ಕೆಳಗಿನ ಸಾಲಿನೊಳಗೆ ಸಿಕ್ಕಿಸಿಡುವುದರಿಂದ ಇದನ್ನು ತಪ್ಪಿಸಬಹುದು.

ಬೆಂಗಳೂರು ಗ್ರಾಮಾಂತರ ಪ್ರದೇಶದ ನೆಲ

ಪಾದರಕ್ಷೆಯ ಆಯ್ಕೆಯು ಸವಾರಿ ಮಾಡುವ ನೆಲವನ್ನು ಅವಲಂಬಿಸುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಪರಸ್ಪರ ಭಿನ್ನವಾದ ಎರಡು ಬಗೆಯ ನೆಲವನ್ನು ಕಾಣಬಹುದು. ಜಿಲ್ಲೆಯ ಪೂರ್ವ ಭಾಗದ ಹೊಸಕೋಟೆ ತಾಲ್ಲೂಕು, ಅದರಲ್ಲಿಯೂ ಅನುಗೊಂಡನಹಳ್ಳಿ ಹೋಬಳಿ, ಬಹುಮಟ್ಟಿಗೆ ಬಯಲು ಸೀಮೆ. ಕೆಂಪು ಮಣ್ಣಿನ ಬಂಡಿಜಾಡು, ಕೆರೆ ಏರಿ, ರಾಗಿ ಹೊಲಗಳ ನಡುವಿನ ದಾರಿ ಮತ್ತು ನೀಲಗಿರಿ ತೋಪುಗಳು ಇಲ್ಲಿನ ಸಾಮಾನ್ಯ ದೃಶ್ಯ. ಇಲ್ಲಿ ಬೆಟ್ಟದ ಕಡಿದಾದ ಇಳಿಜಾರಿಲ್ಲ. ಆದರೆ ಬೇಸಿಗೆಯಲ್ಲಿ ಸಡಿಲವಾದ ಗರಸು, ಮಳೆಗಾಲದಲ್ಲಿ ಅಂಟುವ ಕೆಸರು, ನೀಲಗಿರಿ ತೋಪಿನಲ್ಲಿ ಒಣಗಿದ ಎಲೆಗಳ ಕೆಳಗೆ ಅಡಗಿದ ಕೊರಡು ಸವಾರರನ್ನು ಪರೀಕ್ಷಿಸುತ್ತವೆ.

ಜಿಲ್ಲೆಯ ಉತ್ತರ ಮತ್ತು ಪಶ್ಚಿಮ ಭಾಗಗಳಲ್ಲಿ ಬೆಟ್ಟಗಳಿವೆ. ದೇವನಹಳ್ಳಿ ತಾಲ್ಲೂಕಿನ ಆವತಿ, ದೊಡ್ಡಬಳ್ಳಾಪುರದ ಸಮೀಪದ ಮಾಕಳಿದುರ್ಗ, ನೆಲಮಂಗಲ ತಾಲ್ಲೂಕಿನ ಶಿವಗಂಗೆ ಇವುಗಳಲ್ಲಿ ಮುಖ್ಯವಾದವು. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ 1478 ಮೀಟರ್ ಎತ್ತರದ ನಂದಿ ಬೆಟ್ಟವು ಬೆಂಗಳೂರಿನ ಸೈಕಲ್ ಸವಾರರ ಪ್ರಿಯ ತಾಣ. ಅಲ್ಲಿ ಮೇಲಿನವರೆಗೂ ಡಾಂಬರು ರಸ್ತೆಯಿದೆ. ಇಂತಹ ಬೆಟ್ಟಗಳ ಕಲ್ಲಿನ ದಾರಿಗಳಲ್ಲಿ ಸಾಗುವವರಿಗೆ ಬಿಗಿಯಾದ ನಡು ಅಟ್ಟೆ ಮತ್ತು ಗಟ್ಟಿ ಮುಂತುದಿ ಅಗತ್ಯ. ಅನುಗೊಂಡನಹಳ್ಳಿಯಂತಹ ಬಯಲಿನ ದಾರಿಗಳಿಗೆ ಸಮತಟ್ಟಾದ, ಹಿಡಿತವುಳ್ಳ, ಬೇಗ ಒಣಗುವ ಶೂ ಸಾಕಾಗುತ್ತದೆ. ಕಾಯ್ದಿಟ್ಟ ಅರಣ್ಯದ ದಾರಿಗಳಲ್ಲಿ ಸವಾರಿ ಮಾಡುವ ಮುನ್ನ ಅರಣ್ಯ ಇಲಾಖೆಯ ಅನುಮತಿಯ ಬಗ್ಗೆ ವಿಚಾರಿಸುವುದು ಅವಶ್ಯ.

ಈ ವಿಷಯಕ್ಕೆ ಕ್ರೀಡೆಯ ಆಚೆಗೂ ಮಹತ್ತ್ವವಿದೆ. ಕರ್ನಾಟಕ ಸರ್ಕಾರವು 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದ ಬಳಿಕ ಹಳ್ಳಿಗಳ ಅಸಂಖ್ಯ ಮಕ್ಕಳು ಕಚ್ಚಾ ದಾರಿಯಲ್ಲಿ ಸೈಕಲ್ ತುಳಿದು ಪ್ರೌಢಶಾಲೆಗೆ ಹೋಗುವಂತಾಯಿತು. ಹವಾಯಿ ಚಪ್ಪಲಿ ಅಥವಾ ಸವೆದ ಅಟ್ಟೆಯ ಶೂ ಧರಿಸಿ ಒದ್ದೆ ಪೆಡಲನ್ನು ತುಳಿಯುವ ಮಗುವಿಗೂ ಇಳಿಜಾರಿನ ಸ್ಪರ್ಧಾಳುವಿಗೂ ಎದುರಾಗುವ ಅಪಾಯದ ಸ್ವರೂಪ ಒಂದೇ.

ಅಗ್ಗದ ಪರ್ಯಾಯಗಳು

ಕ್ಯಾನ್ವಾಸ್ ಶೂ: ಶಾಲೆಗಳಲ್ಲಿ ಪಿ.ಟಿ. ಶೂ ಎಂದು ಹೆಸರಾದ ಇದು ಅಗ್ಗದ ಆಯ್ಕೆಗಳಲ್ಲಿ ಮೊದಲನೆಯದು. ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಇದರ ಅಟ್ಟೆ ನಿಜವಾದ ರಬ್ಬರಿನದಾಗಿದ್ದರೆ ಒಳ್ಳೆಯ ಹಿಡಿತವಿರುತ್ತದೆ. ಅಟ್ಟೆ ತೆಳುವಾಗಿ ಬಾಗುವುದು, ಮುಂತುದಿಗೆ ರಕ್ಷಣೆ ಇಲ್ಲದಿರುವುದು ಮತ್ತು ನೀರು ಹೀರುವುದು ಇದರ ದೋಷಗಳು. ದಪ್ಪನಾದ ಒಳ ಅಟ್ಟೆಯೊಂದನ್ನು ಹಾಕಿದರೆ ಮೊದಲನೆಯ ದೋಷ ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ.

ಸ್ಕೇಟ್ ಮಾದರಿಯ ಶೂ: ಅಟ್ಟೆ ಸಮತಟ್ಟಾಗಿಯೂ ದಪ್ಪವಾಗಿಯೂ ಇರುವುದರಿಂದ ಚಪ್ಪಟೆ ಪೆಡಲಿಗೆ ಬಹಳ ಸಮೀಪವಾದ ಪರ್ಯಾಯ. ಇದೇ ಆಕಾರದ ಫ್ಯಾಷನ್ ಶೂಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಕೆಲವಕ್ಕೆ ರಬ್ಬರಿನಂತೆ ಕಾಣುವ ಪ್ಲಾಸ್ಟಿಕ್ ಅಟ್ಟೆಯಿರುತ್ತದೆ.

ಬ್ಯಾಡ್ಮಿಂಟನ್ ಶೂ: ಒಳಾಂಗಣದ ಅಂಕಣಕ್ಕಾಗಿ ತಯಾರಾದ ಕಂದುಬಣ್ಣದ ಗಮ್ ರಬ್ಬರಿನ ಅಟ್ಟೆಗೆ ಉತ್ತಮ ಹಿಡಿತವಿದೆ. ಆದರೆ ಮೊನಚಾದ ಮೊಳೆಗಳ ಮೇಲೆ ಅದು ಬೇಗ ಸವೆಯುತ್ತದೆ, ಮೇಲಿನ ಬಲೆಬಟ್ಟೆ ಮುಳ್ಳಿಗೆ ತಡೆಯದು.

ಓಟದ ಶೂ: ಅನೇಕರ ಬಳಿ ಈಗಾಗಲೇ ಇರುವುದರಿಂದ ಇದನ್ನೇ ಬಳಸುವವರು ಹೆಚ್ಚು. ಆದರೆ ಇದರ ನಡು ಅಟ್ಟೆ ದಪ್ಪನೆಯ ಫೋಮಿನಿಂದ ಕೂಡಿದ್ದು, ತುದಿಯಲ್ಲಿ ಮೇಲಕ್ಕೆ ಬಾಗಿರುತ್ತದೆ. ಹೀಗಾಗಿ ಪೆಡಲಿಗೆ ತಾಗುವ ಭಾಗ ಕಡಿಮೆಯಾಗಿ ಪಾದ ಓಲಾಡುತ್ತದೆ. ಸಮತಟ್ಟಾದ ದಾರಿಗೆ ತೊಂದರೆಯಿಲ್ಲ, ಒರಟು ಇಳಿಜಾರಿಗೆ ತಕ್ಕುದಲ್ಲ.

ಟ್ರೆಕ್ಕಿಂಗ್ ಶೂ: ಕಾಲಿಗೆ ಒಳ್ಳೆಯ ರಕ್ಷಣೆ ನೀಡುತ್ತದೆ. ಆದರೆ ಆಳವಾದ ಹಲ್ಲುಗಳು ಮೊಳೆಗಳೊಂದಿಗೆ ಹೊಂದುವುದಿಲ್ಲ. ಎತ್ತರದ ಕತ್ತು ಹರಡಿನ ಚಲನೆಗೆ ಅಡ್ಡಿಯಾಗುತ್ತದೆ.

ಶಾಲೆಯ ಕಪ್ಪು ಶೂ: ಪ್ಲಾಸ್ಟಿಕ್ ಅಟ್ಟೆಯವು ಒದ್ದೆಯಾದಾಗ ಜಾರುತ್ತವೆ. ರಸ್ತೆಯ ಬಳಕೆಗೆ ಸಾಕು, ಮೊಳೆಯ ಪೆಡಲಿಗೆ ಯೋಗ್ಯವಲ್ಲ.

ಚಪ್ಪಲಿ: ಬೆರಳುಗಳು ತೆರೆದಿರುವುದರಿಂದಲೂ ಹಿಮ್ಮಡಿಗೆ ಆಧಾರವಿಲ್ಲದಿರುವುದರಿಂದಲೂ ಯಾವ ಬಗೆಯ ಕಚ್ಚಾ ದಾರಿಯ ಸವಾರಿಗೂ ಸಲ್ಲದು. ಹಿಂದೆ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಹಳೆಯ ಟೈರಿನ ಮೆಟ್ಟುಗಳ ತಳ ಬಹಳ ಗಟ್ಟಿಮುಟ್ಟಾಗಿದ್ದರೂ ಈ ಕೊರತೆಗಳು ಅವುಗಳಿಗೂ ಇದ್ದವು.

ಕೊಳ್ಳುವ ಮುನ್ನ ಪರೀಕ್ಷೆ

ಅಂಗಡಿಯಲ್ಲಿಯೇ ಕೆಲವು ನಿಮಿಷಗಳಲ್ಲಿ ಶೂವನ್ನು ಪರೀಕ್ಷಿಸಬಹುದು.

• ಶೂವನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಬೇಕು. ಪಾದದ ಮುಂಭಾಗದಿಂದ ನಡುವಿನವರೆಗೆ ಅಟ್ಟೆಯು ಮೇಜಿಗೆ ತಾಗಿಕೊಂಡಿರಬೇಕು.
• ಹೆಬ್ಬೆರಳಿನ ಉಗುರಿನಿಂದ ಹೊರ ಅಟ್ಟೆಯನ್ನು ಒತ್ತಬೇಕು. ಗುರುತು ಮೂಡಿ ನಿಧಾನವಾಗಿ ಮಾಯವಾದರೆ ರಬ್ಬರು ಮೃದುವಾಗಿದೆ. ಉಗುರು ಜಾರಿದರೆ ಅದು ಗಟ್ಟಿ ಪ್ಲಾಸ್ಟಿಕ್ಕಾಗಿರುವ ಸಂಭವ ಹೆಚ್ಚು.
• ಎರಡು ಕೈಗಳಿಂದ ಶೂವನ್ನು ಬಾಗಿಸಬೇಕು. ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಮಡಚಿಕೊಳ್ಳಬಾರದು. ಬಟ್ಟೆ ಹಿಂಡುವಂತೆ ತಿರುಚಿದಾಗ ಸುಲಭವಾಗಿ ತಿರುಚಿಕೊಳ್ಳಬಾರದು.
• ಮುಂತುದಿಯನ್ನು ಒತ್ತಿ ಅದರ ಗಟ್ಟಿತನವನ್ನು ತಿಳಿಯಬೇಕು.
• ಅಟ್ಟೆಯು ಮೇಲ್ಭಾಗಕ್ಕೆ ಹೊಲಿಗೆಯಿಂದ ಕೂಡಿದೆಯೋ ಬರಿಯ ಅಂಟಿನಿಂದ ಕೂಡಿದೆಯೋ ಎಂಬುದನ್ನು ಗಮನಿಸಬೇಕು. ಹೊಲಿಗೆಯಿದ್ದರೆ ಕೆಸರು ನೀರಿನಲ್ಲಿಯೂ ಹೆಚ್ಚು ಕಾಲ ಬಾಳುತ್ತದೆ.
• ಸಾಧ್ಯವಿದ್ದರೆ ತಮ್ಮದೇ ಪೆಡಲೊಂದನ್ನು ಕಳಚಿ ಜೊತೆಗೆ ಒಯ್ಯಬೇಕು. ಬಳಸಿ ಬಿಟ್ಟ ಶೂವಾದರೆ ಅದನ್ನು ಮೊಳೆಗಳ ಮೇಲೆ ಒತ್ತಿ ಎಳೆದು ನೋಡಬಹುದು; ಹೊಸ ಶೂವಾದರೆ ಅಂಗಡಿಯವರ ಒಪ್ಪಿಗೆ ಪಡೆಯಬೇಕು.

ಅಳತೆಯನ್ನು ಸಂಜೆಯ ವೇಳೆ, ಸವಾರಿಯಲ್ಲಿ ಬಳಸುವ ಕಾಲುಚೀಲವನ್ನೇ ಧರಿಸಿ ನೋಡುವುದು ಒಳ್ಳೆಯದು. ಹಗಲಿನ ಓಡಾಟದಿಂದ ಪಾದಗಳು ಸ್ವಲ್ಪ ಊದಿಕೊಂಡಿರುತ್ತವೆ. ಭಾರತದಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಸುಮಾರು 8.5 ಮಿ.ಮೀ. ಅಂತರವಿದ್ದರೆ, ಯುರೋಪಿನ ಅಳತೆಯಲ್ಲಿ ಸುಮಾರು 6.7 ಮಿ.ಮೀ. ಇರುತ್ತದೆ. ಆದುದರಿಂದ ಆನ್‌ಲೈನ್‌ನಲ್ಲಿ ತರಿಸುವವರು ಸಂಖ್ಯೆಯನ್ನಷ್ಟೇ ನಂಬದೆ, ಪಾದವನ್ನು ಕಾಗದದ ಮೇಲಿಟ್ಟು ಅಳೆದ ಉದ್ದವನ್ನು ಕಂಪನಿಯ ಪಟ್ಟಿಯೊಡನೆ ಹೋಲಿಸಬೇಕು.

ವೆಚ್ಚದ ವಿಚಾರ

ಶೂವಿನ ಬೆಲೆಯನ್ನು ಅದು ಬಾಳುವ ತಿಂಗಳುಗಳಿಂದ ಭಾಗಿಸಿದರೆ ನಿಜವಾದ ವೆಚ್ಚ ತಿಳಿಯುತ್ತದೆ. ಉದಾಹರಣೆಗೆ, 600 ರೂಪಾಯಿಯ ಶೂ ಆರು ತಿಂಗಳು ಬಾಳಿದರೆ ತಿಂಗಳಿಗೆ 100 ರೂಪಾಯಿ. 3000 ರೂಪಾಯಿಯ ಶೂ ಎರಡು ವರ್ಷ ಬಾಳಿದರೆ ತಿಂಗಳಿಗೆ 125 ರೂಪಾಯಿ. ವಾರವಾರವೂ ಬೆಟ್ಟಕ್ಕೆ ಹೋಗುವ ವಯಸ್ಕರಿಗೆ ಎರಡನೆಯದು ದುಬಾರಿಯೆನಿಸದು. ಆದರೆ ಬೆಳೆಯುವ ವಯಸ್ಸಿನ ವಿದ್ಯಾರ್ಥಿಯ ಲೆಕ್ಕವೇ ಬೇರೆ: ಅಟ್ಟೆ ಸವೆಯುವ ಮೊದಲೇ ಪಾದವು ಶೂವನ್ನು ಮೀರಿ ಬೆಳೆದಿರುತ್ತದೆ. ಅಂತಹವರಿಗೆ ಅಗ್ಗದ, ಆದರೆ ಸರಿಯಾದ ಅಟ್ಟೆಯ ಶೂ ವಿವೇಕದ ಆಯ್ಕೆ. ಮುಂದಕ್ಕಾಗಲಿ ಎಂದು ಒಂದೆರಡು ಸಂಖ್ಯೆ ದೊಡ್ಡ ಶೂ ಕೊಡಿಸುವ ರೂಢಿ ಇಲ್ಲಿ ಅಪಾಯಕಾರಿ. ಶೂವಿನೊಳಗೆ ಜಾರುವ ಪಾದಕ್ಕೆ ಯಾವ ರಬ್ಬರೂ ಹಿಡಿತ ಕೊಡಲಾರದು.

ಹಣ ಸೀಮಿತವಾಗಿದ್ದಾಗ ಖರ್ಚಿನ ಕ್ರಮವೂ ಮುಖ್ಯ. ಮೊದಲು ಹೆಲ್ಮೆಟ್ಟು, ಬಳಿಕ ಸರಿಯಾಗಿ ಹಿಡಿಯುವ ಬ್ರೇಕು, ಅನಂತರ ಪೆಡಲು, ಕೊನೆಗೆ ಶೂ. ನುಣುಪಾದ ಪ್ಲಾಸ್ಟಿಕ್ ಪೆಡಲಿನ ಮೇಲೆ ದುಬಾರಿ ಶೂ ಕೂಡ ಜಾರುತ್ತದೆ. ಮೊಳೆಗಳುಳ್ಳ ಅಗಲವಾದ ಪೆಡಲಿನ ಮೇಲೆ ಸಾಧಾರಣ ಕ್ಯಾನ್ವಾಸ್ ಶೂ ಕೂಡ ತಕ್ಕಮಟ್ಟಿಗೆ ಹಿಡಿಯುತ್ತದೆ. ಮೊಳೆಗಳುಳ್ಳ ನೈಲಾನ್ ಪೆಡಲುಗಳು ಲೋಹದವುಗಳಿಗಿಂತ ಸಾಮಾನ್ಯವಾಗಿ ಅಗ್ಗ. ಬಹುತೇಕ ಸೈಕಲ್ಲುಗಳ ಪೆಡಲಿನ ಇರುಸಿಗೆ 9/16 ಅಂಗುಲದ ಮರೆ ಇರುವುದರಿಂದ ಒಂದು ಕಂಪನಿಯ ಪೆಡಲು ಇನ್ನೊಂದರ ಸೈಕಲ್ಲಿಗೆ ಹೊಂದುತ್ತದೆ. ಕೆಲವು ಮಕ್ಕಳ ಸೈಕಲ್ಲುಗಳಲ್ಲಿ ಮಾತ್ರ 1/2 ಅಂಗುಲದ ಮರೆ ಇರುತ್ತದೆ. ಎಡಗಡೆಯ ಪೆಡಲಿನ ಮರೆಯು ವಿರುದ್ಧ ದಿಕ್ಕಿನದು ಎಂಬುದನ್ನು ಕಳಚುವಾಗ ನೆನಪಿಡಬೇಕು.

ನಿರ್ವಹಣೆ

ಅಟ್ಟೆಗೆ ಅಂಟಿದ ಕೆಸರು ಹಿಡಿತವನ್ನು ಕುಗ್ಗಿಸುತ್ತದೆ. ಸವಾರಿಯ ಬಳಿಕ ಹಳೆಯ ಬ್ರಷ್ಷು ಮತ್ತು ತಣ್ಣೀರಿನಿಂದ ಅಟ್ಟೆಯನ್ನು ತೊಳೆಯಬೇಕು. ಒದ್ದೆಯಾದ ಶೂವಿನೊಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿ ನೆರಳಿನಲ್ಲಿ ಒಣಗಿಸುವುದು ಉತ್ತಮ. ಒಲೆಯ ಬಳಿ ಅಥವಾ ಸುಡುಬಿಸಿಲಿನಲ್ಲಿ ಇಟ್ಟರೆ ಅಂಟು ಸಡಿಲವಾಗಿ, ರಬ್ಬರು ಗಡುಸಾಗುತ್ತದೆ. ಅಟ್ಟೆ ಬಿಟ್ಟುಕೊಳ್ಳಲು ಆರಂಭವಾದೊಡನೆ ಚಪ್ಪಲಿ ಹೊಲಿಯುವವರ ಬಳಿ ಸುತ್ತಲೂ ಹೊಲಿಗೆ ಹಾಕಿಸಿದರೆ, ಅಗ್ಗದ ಶೂ ಕೂಡ ಇನ್ನಷ್ಟು ಕಾಲ ಬಾಳುತ್ತದೆ. ಹೊಸ ಶೂವಾಗಿದ್ದರೂ ಅಂಟಿನಿಂದಷ್ಟೇ ಕೂಡಿದ್ದರೆ ಮೊದಲೇ ಹೊಲಿಸಿಕೊಳ್ಳಬಹುದು. ಪೆಡಲಿನ ಮೊಳೆಗಳಿಗೆ ಎದುರಾಗುವ ಭಾಗದಲ್ಲಿ ಅಚ್ಚು ಪೂರ್ತಿ ಅಳಿದು ಒಳಪದರ ಕಾಣಿಸಿದಾಗ ಆ ಶೂವನ್ನು ಸವಾರಿಗೆ ಬಳಸುವುದನ್ನು ನಿಲ್ಲಿಸಬೇಕು.

ಸುರಕ್ಷತೆ

ಪಾದ ಜಾರಿದಾಗ ಒತ್ತಡದಿಂದ ಬಿಡುಗಡೆಯಾದ ಪೆಡಲು ರಭಸದಿಂದ ತಿರುಗಿ, ಮೊಣಕಾಲ ಕೆಳಗಿನ ಮೂಳೆಗೆ ಬಡಿಯುತ್ತದೆ. ಅಲ್ಲಿ ಚರ್ಮದ ಕೆಳಗೆ ಮಾಂಸದ ಹೊದಿಕೆ ಕಡಿಮೆ. ಮೊಳೆಗಳಿಂದಾಗುವ ಗಾಯ ಮೂಳೆಯವರೆಗೂ ಇಳಿಯಬಹುದು. ಕಲಿಯುವ ಹಂತದಲ್ಲಿ ಕಾಲುಗವಸು ಧರಿಸುವುದು ಒಳ್ಳೆಯದು. ಫುಟ್ಬಾಲ್ ಆಟಗಾರರು ಬಳಸುವ ಅಗ್ಗದ ಕಾಲುಗವಸು ಈ ಉದ್ದೇಶಕ್ಕೂ ಒದಗುತ್ತದೆ. ಗಾಯವಾದರೆ ಶುದ್ಧ ನೀರು ಮತ್ತು ಸೋಪಿನಿಂದ ತೊಳೆಯಬೇಕು. ಮಣ್ಣು ಹೊಕ್ಕ ಅಥವಾ ಆಳವಾದ ಗಾಯಕ್ಕೆ ವೈದ್ಯರನ್ನು ಕಂಡು, ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ಸಲಹೆ ಪಡೆಯಬೇಕು.

ಪಾದವನ್ನು ಇರಿಸುವ ರೀತಿಯೂ ಶೂವಿನಷ್ಟೇ ಮುಖ್ಯ. ಹೆಬ್ಬೆರಳ ಬುಡದ ಉಬ್ಬು ಪೆಡಲಿನ ಇರುಸಿಗಿಂತ ಸ್ವಲ್ಪ ಮುಂದಿರುವಂತೆ ಪಾದವನ್ನು ಇರಿಸಬೇಕು. ಇಳಿಜಾರಿನಲ್ಲಿ ಎರಡೂ ಪೆಡಲುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಮೊಣಕಾಲುಗಳನ್ನು ತುಸು ಬಾಗಿಸಿ, ಹಿಮ್ಮಡಿಯನ್ನು ಕೆಳಕ್ಕೆ ಒತ್ತಬೇಕು. ಆಗ ಕಲ್ಲಿನ ಪೆಟ್ಟು ಪಾದವನ್ನು ಪೆಡಲಿನಿಂದ ಎತ್ತಿಹಾಕುವ ಬದಲು ಅದನ್ನು ಪೆಡಲಿಗೇ ಒತ್ತುತ್ತದೆ. ಈ ಅಭ್ಯಾಸವನ್ನು ಮೊದಲು ಕೆರೆ ಏರಿಯ ಪಕ್ಕದ ಅಥವಾ ಆಟದ ಮೈದಾನದ ಸಣ್ಣ ಇಳಿಜಾರಿನಲ್ಲಿ ರೂಢಿಸಿಕೊಂಡು, ಬಳಿಕ ಬೆಟ್ಟದ ದಾರಿಗೆ ಹೋಗುವುದು ಕ್ಷೇಮಕರ.